ಬಾಗಿಲಾಚೆ ಬಿಟ್ಟ ಚಪ್ಪಲಿ

(ಮೇ ಕೊನೆಯ ವಾರ, ಶಾಲೆ ತೆರೆಯುವ ಮುನ್ನ, ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇನ್ನು ನಾಲ್ಕೇ ದಿನಕ್ಕೆ ಶಾಲೆ ಶುರು. ಇಲ್ಲಿ ಕೂತಿರುವ ಅರ್ಧ ಜನರ ಮನಸ್ಸು ಈಗಾಗಲೇ ಶಾಲೆಯಲ್ಲಿದೆ ಅಂತ ಗೊತ್ತು. ಸಂಪು ತೊಳೆಸಬೇಕು, ಗ್ಯಾಸ್ ಸಿಲಿಂಡರ್ ಬಂತಾ ನೋಡಬೇಕು, ಪಠ್ಯಪುಸ್ತಕ ತರಬೇಕು, ಗೇಟಿಗೆ ಮಾವಿನ ತೋರಣ ಕಟ್ಟಬೇಕು. ಅದಕ್ಕೇ ಸುತ್ತಿ ಬಳಸಿ ಮಾತಾಡುವುದಿಲ್ಲ. ಒಂದು ಜೊತೆ ಚಪ್ಪಲಿಯ ಮಾತಿನಿಂದ ಶುರು ಮಾಡುತ್ತೇನೆ.

ನಾನು ಬೆಂಗಳೂರಿನ ಅಂಚಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಹಿಂದೆ ಅದು ರಾಗಿ ಹೊಲಗಳ ನಡುವಿನ ಹಳ್ಳಿ. ಈಗ ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಅವನ್ನು ಕಟ್ಟುವವರು ಪಕ್ಕದ ತಗಡಿನ ಶೆಡ್ಡುಗಳಲ್ಲಿದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು ಜಾಸ್ತಿ. ತಾಂಡಾಗಳಿಂದ ಬಂದ ಲಂಬಾಣಿ ಕುಟುಂಬಗಳಿವೆ. ಆಂಧ್ರ, ಬಿಹಾರ, ನೇಪಾಳದಿಂದ ಬಂದವರೂ ಇದ್ದಾರೆ. ಇವರ ಮಕ್ಕಳೇ ಈಗ ನಮ್ಮ ಶಾಲೆಯ ಮಕ್ಕಳು.

ಜೂನ್ ಮೊದಲ ವಾರ ನಮ್ಮ ಆಫೀಸ್ ರೂಮಿನ ಬಾಗಿಲಾಚೆ ಚಪ್ಪಲಿಗಳು ಸಾಲಾಗಿ ಇರುತ್ತವೆ. ಸಿಮೆಂಟು ಮೆತ್ತಿದ ಹವಾಯಿ ಚಪ್ಪಲಿ, ಪಟ್ಟಿ ಹರಿದು ಪಿನ್ನು ಹಾಕಿದ ಚಪ್ಪಲಿ. ಬಿಟ್ಟು ಬನ್ನಿ ಅಂತ ನಾವು ಯಾರೂ ಹೇಳಿಲ್ಲ. ಬೋರ್ಡೂ ಇಲ್ಲ. ಒಳಗೆ ನಾನೇ ಚಪ್ಪಲಿ ಹಾಕಿಕೊಂಡು ಕೂತಿರುತ್ತೇನೆ. ಮೊದಮೊದಲು ನಾನು ಅದನ್ನು ಶಾಲೆ ಮೇಲಿನ ಗೌರವ ಅಂದುಕೊಂಡಿದ್ದೆ. ಮನಸ್ಸಿಗೆ ಹಿತವಾಗಿಯೂ ಇತ್ತು. ಎಷ್ಟೋ ವರ್ಷ ಕಳೆದ ಮೇಲೆ ಒಂದು ದಿನ ಕಣ್ಣಿಗೆ ಬಿತ್ತು, ಚಪ್ಪಲಿಯನ್ನು ಎಲ್ಲರೂ ಬಿಡುವುದಿಲ್ಲ. ಬೈಕಿನ ಕೀ ತಿರುಗಿಸುತ್ತಾ ಬರುವವರು ಹಾಗೇ ಒಳಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಾರೆ. ಬಿಡುವವರು ಶಾಲೆಯ ಮುಖವನ್ನೇ ನೋಡದವರು, ಇಲ್ಲಾ ಮೂರನೇ ಕ್ಲಾಸಿಗೋ ನಾಲ್ಕನೇ ಕ್ಲಾಸಿಗೋ ಬಿಟ್ಟವರು. ಒಳಗೆ ಬಂದರೂ ಗೋಡೆಗೆ ಒತ್ತಿ ನಿಲ್ಲುತ್ತಾರೆ. "ಕೂತ್ಕೊಳ್ಳಿ ಅಮ್ಮ" ಅಂದರೆ, "ಇರ್ಲಿ ಬಿಡ್ರಿ ಮೇಡಂ, ನಿಂತೇ ಇರ್ತೀವಿ" ಅನ್ನುತ್ತಾರೆ.

ಅದರಲ್ಲಿ ಗೌರವಕ್ಕಿಂತ ಅಂಜಿಕೆಯೇ ಜಾಸ್ತಿ. ಸಣ್ಣವರಿದ್ದಾಗ ಯಾವುದೋ ಶಾಲೆಯಲ್ಲಿ ತಿಂದ ಏಟು, ಕೇಳಿದ ಮಾತು, ಹಿಂದಿನ ಸಾಲಿನಲ್ಲಿ ಕೂತ ದಿನಗಳು ಎಲ್ಲ ಅವರ ಜೊತೆಗೇ ನಮ್ಮ ಬಾಗಿಲಿಗೆ ಬಂದಿರುತ್ತವೆ. ಮಗು ಪಕ್ಕದಲ್ಲೇ ನಿಂತು ನೋಡುತ್ತಿರುತ್ತದೆ. ತನ್ನ ಅವ್ವ ಈ ರೂಮಿನಲ್ಲಿ ಎಷ್ಟು ಸಣ್ಣವಳಾಗಿ ನಿಂತಳು ಅನ್ನುವುದು ಆ ಮಗು ನಮ್ಮ ಶಾಲೆಯಲ್ಲಿ ಕಲಿಯುವ ಮೊದಲ ಪಾಠ. ಮಗುವಿನ ಹೆಸರನ್ನು ನಾವು ದಾಖಲಾತಿ ಪುಸ್ತಕದಲ್ಲಿ ಬರೆಯುತ್ತೇವೆ. ಮನೆಯವರು ಶಾಲೆಗೆ ಸೇರುವುದೋ, ಹೊರಗೇ ಉಳಿಯುವುದೋ ಆ ಮೊದಲ ಹತ್ತು ನಿಮಿಷದಲ್ಲೇ ತೀರ್ಮಾನವಾಗಿಬಿಡುತ್ತದೆ. ಇವತ್ತು ನಾನು ಹೇಳಬೇಕಾಗಿರುವುದು ಆ ಹತ್ತು ನಿಮಿಷದ ಬಗ್ಗೆ.

ಆ ಕಡೆ ನಿಲ್ಲುವುದು ಹೇಗಿರುತ್ತದೆ ಅಂತ ನನಗೂ ಸ್ವಲ್ಪ ಗೊತ್ತು. ವರ್ಗಾವಣೆಯಾಗಿ ಬೇರೆ ಊರಿಗೆ ಹೋದಾಗ ಮಗಳನ್ನು ಒಂದು ಶಾಲೆಗೆ ಸೇರಿಸಲು ಹೋಗಿದ್ದೆ. ಒಂದೂವರೆ ಗಂಟೆ ವರಾಂಡದಲ್ಲಿ ನಿಂತೆವು. ಕೂರಲು ಬೆಂಚಿರಲಿಲ್ಲ. ಒಳಗಿದ್ದವರು ತಲೆ ಎತ್ತದೆ, "ಈ ಜೆರಾಕ್ಸ್ ಸರಿಯಿಲ್ಲ, ನಾಳೆ ಬನ್ನಿ" ಅಂದರು. ನಾನು ಓದಿದವಳು, ಅದೇ ಇಲಾಖೆಯವಳು. ಆದರೂ ಗಂಟಲು ಕಟ್ಟಿತು. ಫೈಲನ್ನು ಎದೆಗೊತ್ತಿಕೊಂಡಿದ್ದ ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಆ ಶಾಲೆಯಲ್ಲಿ ಪಾಠ ಚೆನ್ನಾಗಿಯೇ ಆಯಿತು. ಆದರೆ ಎರಡು ವರ್ಷವೂ ಆ ಗೇಟಿನೊಳಗೆ ಕಾಲಿಡುವಾಗ ನನ್ನ ಮೈ ಬಿಗಿಯುತ್ತಿತ್ತು. ನನಗೇ ಹೀಗಾದರೆ, ದಿನಗೂಲಿ ಬಿಟ್ಟು ಬಂದು ಹೆಬ್ಬೆಟ್ಟು ಒತ್ತುವ ತಾಯಿಗೆ ಹೇಗಾಗಬೇಡ?

ಆ ಹತ್ತು ನಿಮಿಷದಲ್ಲಿ ನಾವು ಮೊದಲು ಕೇಳುವುದು ಏನನ್ನು? "ಏನೇನು ದಾಖಲೆ ತಂದಿದ್ದೀರಿ?" ಅಲ್ವಾ? ಕಾನೂನು ನಮಗಿಂತ ಎಷ್ಟೋ ಉದಾರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಹಳೆಯ ಶಾಲೆಯ ಟಿಸಿ ಬರುವುದು ತಡವಾಯಿತು ಅಂತ ದಾಖಲಾತಿ ತಡ ಮಾಡುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಓದು ಅರ್ಧಕ್ಕೆ ನಿಂತ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಬಿಟ್ಟುಹೋದದ್ದನ್ನು ಬೇರೆಯಾಗಿ ಕಲಿಸಬೇಕು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಹೇಳಿದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಎದುರಿಗೆ ನಿಂತವರಿಗೆ ಗೊತ್ತಿಲ್ಲ. "ಕಾಗದ ಇಲ್ಲ" ಅನ್ನುವ ಒಂದು ಮಾತಿಗೇ ಅವರು ತಿರುಗಿ ಹೋಗುತ್ತಾರೆ. ಅದನ್ನು ವಾದ ಮಾಡಿ ಕೇಳುವ ಧೈರ್ಯ ಅವರಿಗಿರುವುದಿಲ್ಲ. ಮತ್ತೆ ಬರುವುದು ಯಾವಾಗಲೋ.

ಹಾಗಾಗಿ ನಾವು ಮೊದಲ ಪ್ರಶ್ನೆಯನ್ನೇ ಬದಲಾಯಿಸಿದೆವು. ಈಗ ಮೊದಲು ಕೇಳುವುದು ಮಗುವಿನ ಹೆಸರು. ಅದನ್ನೂ ಮಗುವನ್ನೇ ಕೇಳುತ್ತೇವೆ. ಆಮೇಲೆ ಅಮ್ಮನಿಗೆ, "ಮನೆಯಲ್ಲಿ ಏನಂತ ಕರೀತೀರಿ?" ಈ ಪ್ರಶ್ನೆಗೆ ನಗದ ತಾಯಿಯನ್ನು ನಾನು ನೋಡಿಲ್ಲ. ಕಾಗದದ ಮಾತು ಆಮೇಲೆ, ನೀರು ಕುಡಿದು ಕೂತ ಮೇಲೆ.

ಇಲ್ಲಿ ಇನ್ನೊಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅರ್ಜಿಯಲ್ಲಿ ಜಾತಿಯ ಕಾಲಂ ಇದೆ. ವಿದ್ಯಾರ್ಥಿವೇತನಕ್ಕೆ, ಸವಲತ್ತಿಗೆ ಅದು ಬೇಕೇ ಬೇಕು. ಆದರೆ ಅದನ್ನು ಕೇಳುವ ರೀತಿ ಒಂದಿದೆಯಲ್ಲ. ವರಾಂಡದಲ್ಲಿ ಹತ್ತು ಜನ ಸಾಲಿನಲ್ಲಿ ನಿಂತಿದ್ದಾಗ, ಪೆನ್ನು ಹಿಡಿದವರು ಜೋರಾಗಿ, "ಯಾವ ಜನ?" ಅನ್ನುತ್ತಾರೆ. ಹಿಂದೆ ನಿಂತವರೆಲ್ಲ ಕಿವಿ ಕೊಡುತ್ತಾರೆ. ಆ ತಾಯಿಯ ದನಿ ಇಳಿಯುತ್ತದೆ. ಕೇಳಿಸಲಿಲ್ಲ ಅಂತ ಮತ್ತೆ ಕೇಳುತ್ತಾರೆ, ಇನ್ನೂ ಜೋರಾಗಿ. ನಮ್ಮ ಶಾಲೆಯಲ್ಲೂ ಹೀಗೇ ನಡೆಯುತ್ತಿತ್ತು. ನಾನೇ ಹೀಗೆ ಕೇಳಿದ್ದೇನೆ. ಅದಕ್ಕೆ ಇವತ್ತಿಗೂ ನನ್ನ ಮನಸ್ಸಿನಲ್ಲಿ ನೋವಿದೆ. ಈಗ ಆ ಕಾಲಂ ತುಂಬುವುದು ಒಳಗೆ ಕೂತು, ಸರ್ಟಿಫಿಕೇಟ್ ನೋಡಿ, ಬಾಯಿ ಬಿಡದೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಒಬ್ಬೊಬ್ಬರೇ ಇದ್ದಾಗ ಮೆತ್ತಗೆ ಕೇಳುತ್ತೇವೆ. ತಂದೆಯ ಹೆಸರಿನ ಕಾಲಮ್ಮೂ ಅಷ್ಟೇ. ಗಂಡ ತೀರಿಕೊಂಡಿರಬಹುದು, ಬಿಟ್ಟು ಹೋಗಿರಬಹುದು. "ಅಪ್ಪ ಏನು ಮಾಡ್ತಾನೆ?" ಅಂತ ಮಗುವಿನ ಮುಂದೆ ಕೇಳುವುದಕ್ಕಿಂತ "ಮನೆಯಲ್ಲಿ ಯಾರ್ಯಾರು ಇದ್ದೀರಿ?" ಅಂತ ಕೇಳಿದರೆ, ಹೇಳಬೇಕಾದ್ದನ್ನು ಅವರೇ ತಮಗೆ ಬೇಕಾದಷ್ಟು ಹೇಳುತ್ತಾರೆ.

ಪ್ರಾರಂಭೋತ್ಸವದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ರಂಗೋಲಿ, ತೋರಣ, ಹೂವು, ಸಿಹಿ, ಜಾಥಾ ಎಲ್ಲ ಚೆನ್ನಾಗಿಯೇ ಮಾಡುತ್ತೀರಿ. ನನ್ನ ಕೊರಗು ನವೆಂಬರ್ ತಿಂಗಳದ್ದು. ಊರಲ್ಲಿ ಸುಗ್ಗಿ ಮುಗಿದ ಮೇಲೆ, ಇಲ್ಲಾ ಮಳೆ ಕೈಕೊಟ್ಟ ವರ್ಷ ಇನ್ನೂ ಮುಂಚೆಯೇ ಹೊರಟು ಬರುವ ಕುಟುಂಬಗಳಿವೆ. ಅವರ ಮಕ್ಕಳು ಒಂದು ಬುಧವಾರ ಹನ್ನೊಂದೂವರೆಗೆ ಬರುತ್ತಾರೆ. ತೋರಣ ಇರುವುದಿಲ್ಲ. ಪಾಠ ನಡೀತಿರುತ್ತದೆ. ಯೂನಿಫಾರಂ ಉಳಿದಿರುವುದಿಲ್ಲ. ಬಣ್ಣದ ಅಂಗಿಯಲ್ಲಿ ಒಬ್ಬನೇ ಬಾಗಿಲಲ್ಲಿ ನಿಂತ ಹುಡುಗನ ಕಡೆ ಮೂವತ್ತು ತಲೆಗಳು ತಿರುಗುತ್ತವೆ.

ಅಂಥ ಮಗುವಿಗೆ ನಾವು ಒಂದು ಕೆಲಸ ಇಟ್ಟಿದ್ದೇವೆ. ಅವತ್ತಿನ ಊಟದ ಗಂಟೆ ಹೊಡೆಯುವುದು ಅವನೇ. ನಮ್ಮದು ಇನ್ನೂ ಹಳೆಯ ಕಬ್ಬಿಣದ ಗಂಟೆ, ಹೊಂಗೆ ಮರಕ್ಕೆ ನೇತು ಹಾಕಿದ್ದು. ಗಂಟೆ ಹೊಡೆದವನೇ ಊಟ ಶುರು ಮಾಡಿಸಿದವನು ಅಂತ ಮಕ್ಕಳ ಲೆಕ್ಕ. ಹೊಸಬನ ಹೆಸರು ಇಡೀ ಶಾಲೆಗೆ ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ. ಜೊತೆಗೆ ಅದೇ ಶೆಡ್ಡಿನ ಕಡೆಯ ಒಂದು ಮಗುವನ್ನು ವಾರದ ಮಟ್ಟಿಗೆ ಜೊತೆಗಾರನನ್ನಾಗಿ ಮಾಡುತ್ತೇವೆ. ನೀರು ಎಲ್ಲಿ, ಶೌಚಾಲಯ ಎಲ್ಲಿ, ತಟ್ಟೆ ಎಲ್ಲಿ ತೊಳೆಯಬೇಕು ಅಂತ ತೋರಿಸುವುದು ಅವನ ಜವಾಬ್ದಾರಿ.

ಬಂದ ತಾಯಿಯನ್ನೋ ತಂದೆಯನ್ನೋ ಊಟಕ್ಕೆ ಮುಂಚೆ ಸುಮ್ನೆ ಕಳಿಸುವುದಿಲ್ಲ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಬೇಕು ಅನ್ನುವ ನಿಯಮ ಇದ್ದೇ ಇದೆ. ಹೊಸದಾಗಿ ಬಂದವರನ್ನೇ ರುಚಿ ನೋಡಲು ಕರೆಯುತ್ತೇವೆ. ಇದರಲ್ಲಿ ಖರ್ಚಿಲ್ಲ, ಸಭೆಯಿಲ್ಲ, ವರದಿಯಿಲ್ಲ. ಯಾದಗಿರಿ ಕಡೆಯ ಒಬ್ಬ ತಾಯಿ ಮೊದಲ ದಿನ ಅಂಗೈಗೆ ಸಾರು ಹಾಕಿಸಿಕೊಂಡು ನೆಕ್ಕಿ ಸುಮ್ಮನಾದರು. "ಹೇಗಿದೆ ಹೇಳಿ" ಅಂದೆ. "ಛಲೋ ಐತ್ರಿ" ಅಂದರು. ಅಡುಗೆಯ ಅಕ್ಕ ಬಿಡಲಿಲ್ಲ. "ನಿಜ ಹೇಳಮ್ಮ, ನಿಮ್ಮ ಮಗ ತಾನೆ ಉಣ್ಣೋದು?" ಆಗ ಅವರು ತಲೆ ತಗ್ಗಿಸಿ, "ಹುಣಸಿಹುಳಿ ಸ್ವಲ್ಪ ಜಾಸ್ತಿ ಆಗೇದ್ರಿ" ಅಂದರು. ಅಡುಗೆಯ ಅಕ್ಕ ನಕ್ಕು ಒಂದು ಚಿಟಿಕೆ ಬೆಲ್ಲ ಹಾಕಿ ಮತ್ತೆ ಅಂಗೈಗೆ ಹಾಕಿದರು. ಇಬ್ಬರೂ ಒಟ್ಟಿಗೆ ರುಚಿ ನೋಡಿದರು. "ಈಗ ಸರಿ ಆತ್ರಿ." ಗೋಡೆಗೆ ಒತ್ತಿ ನಿಂತಿದ್ದ ಹೆಂಗಸು ನಮ್ಮ ಶಾಲೆಯಲ್ಲಿ ಮೊದಲ ಸಲ ಒಂದು ಅಭಿಪ್ರಾಯ ಹೇಳಿದ್ದರು. ಆ ಮಾತಿನಂತೆ ಕೆಲಸವೂ ಆಗಿತ್ತು. ಮುಂದಿನ ವಾರ ಅವರೇ ಬಂದು, "ನಮ್ಮ ಹುಡುಗ ಅನ್ನ ಕಡಿಮಿ ಉಣ್ತಾನ್ರಿ, ರೊಟ್ಟಿ ರೂಢಿ ಐತಿ, ಮೊದಲು ಸ್ವಲ್ಪೇ ಹಾಕ್ರಿ" ಅಂತ ಹೇಳಿ ಹೋದರು. ಅದು ಗೊತ್ತಿಲ್ಲದಿದ್ದರೆ ನಾವು ಆ ಹುಡುಗನನ್ನು ಅನ್ನ ಚೆಲ್ಲುತ್ತಾನೆ ಅಂತ ಬೈಯುತ್ತಿದ್ದೆವು.

ಭಾಷೆಯ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪಾಗಿದೆ. ಉತ್ತರ ಕರ್ನಾಟಕದ ಕಡೆಯ ಒಂದು ಮಗು "ನಾ ಮನಿಗಿ ಹೊಂಟೀನ್ರಿ" ಅಂದಾಗ ಕ್ಲಾಸು ನಕ್ಕಿತು. ನಾನು ನಕ್ಕವರಿಗೆ ಏನೂ ಹೇಳದೆ, "ಹಾಗಲ್ಲ ಪುಟ್ಟ, 'ಮನೆಗೆ ಹೋಗುತ್ತೇನೆ' ಅನ್ನು" ಅಂತ ತಿದ್ದಿದೆ. ಕರೆದುಕೊಂಡು ಹೋಗಲು ಬಂದ ಅವನ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಅವತ್ತಿನಿಂದ ಅವರು ನನ್ನ ಮುಂದೆ ತುಟಿ ಬಿಚ್ಚಲಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು ಅಷ್ಟೇ. ಮಗುವನ್ನು ತಿದ್ದಲು ಹೋಗಿ ನಾನು ಒಂದು ಮನೆಯ ಬಾಯಿಯನ್ನೇ ಮುಚ್ಚಿಸಿದ್ದೆ. ಪುಸ್ತಕದ ಕನ್ನಡ ಕಲಿಸಬೇಕು, ಅದು ನಮ್ಮ ಕೆಲಸ. ಆದರೆ ಆ ಮಗು ತಂದ ಮಾತೂ ಕನ್ನಡವೇ. ಲಂಬಾಣಿ, ಉರ್ದು, ತೆಲುಗು ಆಡುವ ಮನೆಯವರಿಗಂತೂ ಈ ಅಂಜಿಕೆ ಎರಡು ಪಟ್ಟು. ಅವರ ಜೊತೆ ಮಾತಾಡಲು ಆರನೇ, ಏಳನೇ ಕ್ಲಾಸಿನ ಮಕ್ಕಳನ್ನೇ ಕರೆಯುತ್ತೇವೆ. ಮನೆಯವರ ಮಾತನ್ನು ನಮಗೆ, ನಮ್ಮ ಮಾತನ್ನು ಮನೆಯವರಿಗೆ ದಾಟಿಸುವಾಗ ಆ ಮಕ್ಕಳ ಮುಖ ನೋಡಬೇಕು ನೀವು.

ಅಕ್ಷರ ಬಾರದ ತಂದೆ ತಾಯಿಗೆ ಮಗುವಿನ ಓದನ್ನು ತೋರಿಸುವುದು ಹೇಗೆ? ಇದಕ್ಕೆ ಸಣ್ಣ ಕ್ಲಾಸಿನ ಮಕ್ಕಳು ಆಡುತ್ತಾ ಕಲಿಯುವ ನಲಿಕಲಿ ಕೋಣೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೈಯಾರೆ ಕಟ್ಟಿದ ಪದ್ಧತಿ ಅದು. ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ್ದು. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿರುತ್ತದೆ. ತಲೆಯ ಮೇಲೆ ಚಪ್ಪರ, ಅದರಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು ತೂಗುತ್ತಿರುತ್ತವೆ. ಒಂದು ಸಲ ಸೆಂಟ್ರಿಂಗ್ ಕೆಲಸದ ಅಪ್ಪನೊಬ್ಬರನ್ನು ಆ ಕೋಣೆಗೆ ಕರೆದುಕೊಂಡು ಹೋದೆ. ಮಗಳು ಕೈ ಹಿಡಿದು ಎಳೆದು ತೋರಿಸಿದಳು, "ಅಪ್ಪಾ, ಇದು ನಂದು." ಚಿತ್ರದಲ್ಲಿ ಒಂದು ಬಿಲ್ಡಿಂಗು, ಅದರ ತುದಿಯಲ್ಲಿ ಹಳದಿ ಹೆಲ್ಮೆಟ್ಟಿನ ಸಣ್ಣ ಮನುಷ್ಯ. ಆತ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಏಣಿಯ ಚಾರ್ಟಿನ ಮುಂದೆ ನಿಂತು, "ಇವಳು ಎಲ್ಲಿಗೆ ಹತ್ಯಾಳ್ರಿ?" ಅಂದರು. ಬೆರಳಿಟ್ಟು ತೋರಿಸಿದೆ. ಅವರೂ ಅದೇ ಜಾಗಕ್ಕೆ ಬೆರಳಿಟ್ಟರು. ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು ಕಳಿಸಿದ್ದರೆ ಇದು ಆಗುತ್ತಿತ್ತಾ?

ಇನ್ನು ಸಭೆಗಳ ವಿಷಯ. ಎಸ್‌ಡಿಎಂಸಿ ನಮ್ಮಲ್ಲಿ 2001ರಿಂದ ಇದೆ. ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಸಲಹೆಯ ಹಿಂದೆಯೇ ಬಂದದ್ದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಹಿಂದುಳಿದ ಕುಟುಂಬಗಳಿಗೆ ಅವರ ಪಾಲು ಸಿಗಬೇಕು. ಇಲ್ಲಿರುವ ಸದಸ್ಯರು ಬೇಜಾರು ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಕೇಳುತ್ತಿದ್ದೇನೆ. ಶೆಡ್ಡಿನವರು ಎಷ್ಟು ಜನ ಇದ್ದೀರಿ? ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅಲ್ಲಿಂದ ಬರುತ್ತಿದ್ದರೂ ಬಹಳ ವರ್ಷ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಸಭೆಗೆ ಕರೆದರೂ ಬರಲ್ಲ ಅಂತ ನಾವೇ ಹೇಳಿಕೊಂಡು ತಿರುಗುತ್ತಿದ್ದೆವು. ಯಾಕೆ ಬರಲ್ಲ? ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಬಂದರೆ ಅವತ್ತಿನ ಕೂಲಿ ಹೋಯಿತು. ಒಂದು ಚಹಾ, ಒಂದು ಬಿಸ್ಕತ್ತು, ಒಂದು ಹೆಬ್ಬೆಟ್ಟಿಗೋಸ್ಕರ ಯಾರು ತಾನೆ ಒಂದು ದಿನದ ಅನ್ನ ಬಿಟ್ಟು ಬರುತ್ತಾರೆ?

ಶನಿವಾರ ಸಂಜೆ ಅವರಿಗೆ ಬಟವಾಡೆ. ಭಾನುವಾರ ಮಧ್ಯಾಹ್ನದ ಮೇಲೆ ಸಂತೆ. ನಡುವೆ ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು, ತಲೆಗೆ ಎಣ್ಣೆ ಹಚ್ಚಿಕೊಂಡು ಕೂರುವ ಎರಡು ಗಂಟೆ ಸಿಗುತ್ತದೆ. ನಾವು ಮೂರು ತಿಂಗಳಿಗೊಮ್ಮೆ ಒಂದು ಸಭೆಯನ್ನು ಆ ಹೊತ್ತಿಗೆ ಹಾಕಿದೆವು. ಅದೂ ಅವರ ಶೆಡ್ಡಿನ ಮುಂದೆ, ಮರಳು ರಾಶಿಯ ಪಕ್ಕ ಚಾಪೆ ಹಾಸಿ. ಸಮುದಾಯದತ್ತ ಶಾಲೆ ಅಂತ ಇಲಾಖೆಯ ಕಾರ್ಯಕ್ರಮವೇ ಇತ್ತಲ್ಲ, ಆ ಹೆಸರನ್ನು ನಾವು ಅಕ್ಷರಶಃ ತಗೊಂಡೆವು. ಆ ದಿನ ಚಪ್ಪಲಿ ಬಿಟ್ಟು ಚಾಪೆ ಮೇಲೆ ಕೂತವರು ನಾವು. ಚಹಾ ಕೊಟ್ಟವರು ಅವರು. ಶಾಲೆಯಲ್ಲಿ ಹತ್ತು ವರ್ಷ ಕರೆದರೂ ಕೇಳಿಸದ ಮಾತುಗಳು ಅಲ್ಲಿ ಒಂದು ಗಂಟೆಯಲ್ಲಿ ಬಂದವು. ರಸ್ತೆ ದಾಟುವ ಕಡೆ ಲಾರಿಗಳ ಭಯ. ಸಣ್ಣ ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯನ್ನು ಮನೆಯಲ್ಲಿ ಬಿಡುವುದು. ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಮುರಿದಿದೆ ಅನ್ನುವುದು ನಮಗೆ ಗೊತ್ತಾಗಿದ್ದೂ ಅಲ್ಲೇ. ನಮ್ಮ ಶಾಲೆಯ ಚಿಲಕದ ಸುದ್ದಿ ನಮಗೆ ಶೆಡ್ಡಿನಲ್ಲಿ ಸಿಕ್ಕಿತು.

ಶಿಕ್ಷಕರ ಭಾನುವಾರವನ್ನು ಕಿತ್ತುಕೊಳ್ಳುವ ಮಾತು ನಾನು ಆಡುತ್ತಿಲ್ಲ. ಎಲ್ಲ ತರಗತಿಗೂ ಸೇರಿ ಇಬ್ಬರೇ ಇರುವ ಶಾಲೆಗಳು ಇಲ್ಲಿವೆ. ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ಗಣತಿ ಎಲ್ಲ ನಿಮ್ಮ ತಲೆ ಮೇಲೇ ಇದೆ. ನಾವು ಸರದಿ ಮಾಡಿಕೊಂಡಿದ್ದೇವೆ. ಒಬ್ಬರಿಗೆ ವರ್ಷಕ್ಕೆ ಒಂದೋ ಎರಡೋ ಭಾನುವಾರ ಬರುತ್ತದೆ. ಬದಲಿಗೆ ರಜೆ ತಗೊಳ್ಳುತ್ತಾರೆ.

ಫೋನಿನ ವಿಷಯ ಒಂದೇ ಮಾತು. ಶಾಲೆಯ ನಂಬರಿನಿಂದ ಫೋನ್ ಬಂದರೆ ಅಪ್ಪ ಅಮ್ಮನ ಎದೆ ಧಸಕ್ ಅನ್ನುತ್ತದೆ. ಯಾಕಂದರೆ ನಾವು ಫೋನ್ ಮಾಡುವುದೇ ಬಿದ್ದಾಗ, ಜ್ವರ ಬಂದಾಗ, ಜಗಳವಾದಾಗ. ಮೊದಲ ತಿಂಗಳಲ್ಲಿ ಒಂದು ಸಲ, ಏನೂ ಆಗದೇ ಇದ್ದಾಗ ಫೋನ್ ಮಾಡಿ. "ನಿಮ್ಮ ಹುಡುಗಿ ಇವತ್ತು ಚೆನ್ನಾಗಿ ಹಾಡಿದಳು" ಅಂತ ಹೇಳಿ ಇಟ್ಟುಬಿಡಿ. ವಾಟ್ಸಾಪ್ ಗ್ರೂಪಿನಲ್ಲಿ ಉದ್ದುದ್ದ ಬರೆದು ಹಾಕಬೇಡಿ. ಓದಲು ಬಾರದವರಿಗೆ ಅದು ಇನ್ನೊಂದು ಮುಚ್ಚಿದ ಬಾಗಿಲು. ನಾವು ಎಲ್ಲವನ್ನೂ ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜು ಕಳಿಸುತ್ತೇವೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಮಗುವೇ ಸುದ್ದಿ ಒಯ್ಯುತ್ತದೆ.

ಸಾರಿನ ರುಚಿ ನೋಡಿದ ಆ ತಾಯಿಯ ಮಾತು ಹೇಳಿ ಮುಗಿಸುತ್ತೇನೆ. ಎರಡು ವರ್ಷ ನಮ್ಮಲ್ಲಿದ್ದರು. ಸಮಿತಿಗೂ ಬಂದರು. ಹೋದ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಬಂದು, ನನ್ನೆದುರು ಕುರ್ಚಿಯಲ್ಲಿ ಕೂತು, "ಮೇಡಂ, ಊರಿಗಿ ಹೊಂಟೀವ್ರಿ. ಅಲ್ಲೇ ಹೊಲ ಮಾಡ್ತೀವಿ. ಟಿಸಿ ಕೊಡ್ರಿ" ಅಂದರು. ಕೇಳಿದ ತಕ್ಷಣ ಟಿಸಿ ಕೊಡಬೇಕು ಅನ್ನುವುದೂ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್ ಬಂದ ಮೇಲೆ ಅದು ಕಷ್ಟವೂ ಅಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅವರು ಏಳಲಿಲ್ಲ. ಸೆರಗಿನ ತುದಿ ಸುತ್ತುತ್ತಾ, "ಅಲ್ಲಿ ಸಾಲಿಯವರು ಹೆಂಗ ಇದ್ದಾರೋ ಏನೋ ರೀ" ಅಂದರು.

ಆ ಊರಿನ ಶಾಲೆಯ ನಂಬರು ಹುಡುಕಿದೆ. ಅವರ ಮುಂದೆಯೇ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಹುಡುಗನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಲೆಕ್ಕದಲ್ಲಿ ಚುರುಕು, ಓದುವಾಗ ಸ್ವಲ್ಪ ತಡವರಿಸುತ್ತಾನೆ, ತಾಯಿ ನಮ್ಮ ಸಮಿತಿಯಲ್ಲಿದ್ದರು ಅಂತ ಎಲ್ಲ ಹೇಳಿದೆ. ಆ ಕಡೆ ಹಿರಿಯ ಮಾಸ್ತರರ ದನಿ. "ಕಳಿಸ್ರಿ ಮೇಡಂ. ಸಾಲಿ ಚಾಲೂ ಆಗೋ ದಿನ ಗೇಟಿನ ಹತ್ರ ನಾನ ನಿಂತಿರ್ತೀನಿ. ಅವ್ವಗ ಹೇಳ್ರಿ, ನೆಟ್ಟಗ ಒಳಗ ಬರ್ಲಿ."